ಕಂಡದ್ದನ್ನು ಬರೆಯಿರಿ

(ಬೇಸಿಗೆ ರಜೆಯ ವಿಜ್ಞಾನ ಮತ್ತು ಚಿತ್ರಕಲಾ ಶಿಬಿರದ ಸಮಾರೋಪದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)

 

10 ದಿನಗಳ ಶಿಬಿರ ಇಂದು ಮುಗಿಯುತ್ತಿದೆ. ಸಮಾರೋಪದಲ್ಲಿ ನಾಲ್ಕು ಹಿತವಚನ ಹೇಳುವುದು ರೂಢಿ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಬಹಳ ವರ್ಷಗಳ ಹಿಂದಿನ ಮಾತು. ಒಂಬತ್ತನೇ ತರಗತಿಯ ಮಕ್ಕಳಿಗೆ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ತೆಳು ಪೊರೆಯನ್ನು ತೋರಿಸಿ, ಚಿತ್ರ ಬರೆಯಲು ಹೇಳಿದ್ದೆ. ಎಲ್ಲರೂ ಪಠ್ಯಪುಸ್ತಕದಲ್ಲಿ ಇರುವಂತೆ, ಇಟ್ಟಿಗೆ ಜೋಡಿಸಿದ ಹಾಗೆ ಅಚ್ಚುಕಟ್ಟಾದ ಜೀವಕೋಶಗಳನ್ನು ಬರೆದರು. ಒಬ್ಬ ಹುಡುಗಿ ಮಾತ್ರ ಒಂದು ಕೋಶ ಉದ್ದ, ಇನ್ನೊಂದು ಗಿಡ್ಡ, ಮಧ್ಯದಲ್ಲಿ ಕಪ್ಪು ಅಂಚಿನ ಒಂದು ಗುಂಡು ಗುಳ್ಳೆ, ಹೀಗೆ ಬರೆದು ಪೆನ್ಸಿಲಿನಿಂದ ನೆರಳನ್ನೂ ತುಂಬಿದ್ದಳು. ನಾನು ಕೆಂಪು ಶಾಯಿಯಲ್ಲಿ “ಇದು ಡ್ರಾಯಿಂಗ್ ಕ್ಲಾಸ್ ಅಲ್ಲ. ಪುಸ್ತಕದಲ್ಲಿ ಇರುವಂತೆ ಬರೆ” ಎಂದು ಬರೆದೆ. ಅವಳು ಹಾಗೆಯೇ ಬರೆದು ತಂದಳು. ಪೂರ್ಣ ಅಂಕ ಕೊಟ್ಟೆ.

ಮನೆಗೆ ಹೋದ ಮೇಲೆ ನನಗೆ ಹೊಳೆಯಿತು. ಆ ಗುಳ್ಳೆ, ಗಾಜಿನ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ. ಅದು ಅಲ್ಲಿ ನಿಜವಾಗಿಯೂ ಇತ್ತು. ಇಡೀ ತರಗತಿಯಲ್ಲಿ ಸೂಕ್ಷ್ಮದರ್ಶಕದೊಳಗೆ ಸರಿಯಾಗಿ ನೋಡಿದವಳು ಅವಳೊಬ್ಬಳೇ! ಮರುದಿನ ಕರೆದು ಹೇಳಬಹುದಿತ್ತು. ಮೇಷ್ಟ್ರು ತಪ್ಪು ಒಪ್ಪಿಕೊಂಡರೆ ಗೌರವ ಕಡಿಮೆಯಾಗುತ್ತದೆ ಎಂದು ಸುಮ್ಮನಾದೆ. ಆ ವರ್ಷ ಪೂರ್ತಿ ಅವಳು ಪುಸ್ತಕ ನೋಡಿಯೇ ಚಿತ್ರ ಬರೆದಳು. ಈ ಶಿಬಿರಕ್ಕೆ ಬನ್ನಿ ಎಂದು ಸಂಘದವರು ಕರೆದಾಗ ನಾನು ಕೂಡಲೇ ಒಪ್ಪಿದ್ದು ಈ ಕಾರಣಕ್ಕೆ.

ಮಕ್ಕಳೇ, ಮೊದಲ ದಿನ ನೀವು ಚಪ್ಪಲಿ ಡಬ್ಬಿಗೆ ಸೂಜಿಯಿಂದ ತೂತು ಮಾಡಿ, ಎದುರು ಬದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿದಿರಿ. ಅಂಗಳದ ತೆಂಗಿನಮರ ಅದರಲ್ಲಿ ತಲೆಕೆಳಗಾಗಿ ಕಂಡಾಗ ಎಷ್ಟು ಗಲಾಟೆ ಮಾಡಿದಿರಿ! ಏಕೆ ತಲೆಕೆಳಗು ಎಂದು ಕೇಳಿದೆ. ಯಾರೂ ಹೇಳಲಿಲ್ಲ. ಗೆರೆ ಎಳೆದು ನೋಡಿ ಎಂದೆ. ಮರದ ತುದಿಯಿಂದ ಹೊರಟ ಗೆರೆ ತೂತಿನ ಮೂಲಕ ನೇರವಾಗಿ ಹೋಗಿ ಕಾಗದದ ಕೆಳಗೆ ತಾಗಿತು. ಬುಡದಿಂದ ಹೊರಟದ್ದು ಮೇಲೆ ತಾಗಿತು. ಉತ್ತರ ನಿಮ್ಮ ಪೆನ್ಸಿಲಿನ ತುದಿಯಲ್ಲಿಯೇ ಇತ್ತು.

ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅವರು ಕತ್ತಲೆ ಕೋಣೆಯ ಹೊರಗೆ ಕೆಲವು ದೀಪಗಳನ್ನಿಟ್ಟು, ಸಣ್ಣ ರಂಧ್ರದ ಮೂಲಕ ಒಳಗೆ ಬೀಳುವ ಬೆಳಕನ್ನು ಪರೀಕ್ಷಿಸಿದರು. ಒಂದು ದೀಪವನ್ನು ಮರೆ ಮಾಡಿದರೆ ಅದಕ್ಕೆ ಸೇರಿದ ಬೆಳಕಿನ ಚುಕ್ಕೆ ಮಾತ್ರ ಮಾಯವಾಗುತ್ತಿತ್ತು. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ, ಒಂದರ ಬೆಳಕು ಇನ್ನೊಂದರ ಜೊತೆ ಕಲಸಿಹೋಗುವುದಿಲ್ಲ ಎಂದು ಅವರು ಹೀಗೆ ತೋರಿಸಿದರು. ಅವರ ‘ಕಿತಾಬುಲ್ ಮನಾಝಿರ್’ ಏಳು ಭಾಗಗಳ ಗ್ರಂಥ. ಅದು ಲ್ಯಾಟಿನ್ ಭಾಷೆಗೆ ಹೋಯಿತು. 15ನೇ ಶತಮಾನದಲ್ಲಿ ಫ್ಲಾರೆನ್ಸಿನ ಶಿಲ್ಪಿ ಗಿಬರ್ಟಿ ಕಲೆಯ ಕುರಿತು ಬರೆಯುವಾಗ ಅದನ್ನೇ ಆಧಾರವಾಗಿಟ್ಟುಕೊಂಡರು. ನೋಟದ ವಿಜ್ಞಾನ ಶಿಲ್ಪಿಯ ಕೈಗೂ ಬೇಕಾಯಿತು!

ನಾಲ್ಕನೇ ದಿನ ಕೈವಾರ ಮತ್ತು ಸ್ಕೇಲು ಹಿಡಿದು, ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿಟ್ಟು, ಎಂಟು ಮೂಲೆಗಳ ನಕ್ಷತ್ರ ಬರೆದಿರಿ. ಬಣ್ಣ ತುಂಬಿ ಗೋಡೆಗೆ ತೂಗುಹಾಕಿದಿರಿ. ಅದು ಬರೀ ಅಲಂಕಾರವಲ್ಲ. ವಿಜಯಪುರದ ಗೋಲ ಗುಮ್ಮಟದ ಒಳಗೆ ನಿಂತು ತಲೆಯೆತ್ತಿ ನೋಡಿದರೆ ಅದೇ ನಕ್ಷತ್ರ ಕಲ್ಲಿನ ಕಮಾನುಗಳಲ್ಲಿ ಕಾಣುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಹೆಣೆದುಕೊಂಡ ಆ ಕಮಾನುಗಳು ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸುತ್ತವೆ, ಅದರ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ.

ಪೋಷಕರೊಬ್ಬರು ಮನೆಯಿಂದ ತಂದ ಬಿದರಿ ಹೂದಾನಿಯನ್ನೂ ನೋಡಿದಿರಿ. ಅದರ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರಿನ ಹಳೆಯ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ಸತುವಿನ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದು ರಸಾಯನಶಾಸ್ತ್ರವಲ್ಲದೆ ಇನ್ನೇನು? ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಶಿಬಿರದ ಮಧ್ಯದಲ್ಲಿ ಒಬ್ಬ ತಂದೆ ನನ್ನನ್ನು ಕೇಳಿದರು: “ಸಾರ್, ಮಗ ಬರುವ ವರ್ಷ ಎಸ್ಸೆಸ್ಸೆಲ್ಸಿ. ಬಣ್ಣ ಬಳಿದರೆ ಮಾರ್ಕ್ಸ್ ಬರುತ್ತದಾ?” ಅವರ ಚಿಂತೆ ನ್ಯಾಯವಾದದ್ದು. ಕೂಲಿ ಮಾಡಿ ಮಕ್ಕಳನ್ನು ಓದಿಸುವವರಿಗೆ ಅಂಕವೆಂದರೆ ಹಗುರ ವಿಷಯವಲ್ಲ. ಆದ್ದರಿಂದ ಪ್ರಾಮಾಣಿಕವಾಗಿ ಹೇಳುತ್ತೇನೆ: ಈ 10 ದಿನಗಳಿಂದ ಒಂದು ಅಂಕವೂ ಹೆಚ್ಚು ಬರದೇ ಇರಬಹುದು. ಆದರೆ ತಾನೇ ನೋಡಿ, ತಾನೇ ಬರೆದು, ಏಕೆ ಎಂದು ಕೇಳುವ ಅಭ್ಯಾಸ ಒಮ್ಮೆ ಹೋಯಿತೆಂದರೆ ಯಾವ ಟ್ಯೂಷನ್ನಿನಿಂದಲೂ ಅದನ್ನು ಮರಳಿ ತರಲಾಗದು. ಅದನ್ನು ಕಳೆದವರಲ್ಲಿ ನಾನೂ ಒಬ್ಬ. ನನ್ನ ಅನುಭವದಿಂದ ಹೇಳುತ್ತಿದ್ದೇನೆ.

ಪೋಷಕರಲ್ಲಿ ಒಂದು ವಿನಂತಿ. ಮಕ್ಕಳು ಮನೆಗೆ ತರುವ ಶಿಬಿರದ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಒಂದು ಸಂಜೆ ಜೊತೆಗೆ ಕುಳಿತು, ಇದೇನು ಎಂದು ಕೇಳಿ. ಸಂಘದ ಹಿರಿಯರಲ್ಲಿಯೂ ಒಂದು ಬೇಡಿಕೆ. ಶಿಬಿರ ನಡೆದ ಈ ಕೋಣೆಯನ್ನು ಭಾನುವಾರಗಳಂದು ಮಕ್ಕಳಿಗಾಗಿ ತೆರೆದಿಡಿ. ಬೀಗದ ಕೈ ನನಗೆ ಕೊಟ್ಟರೆ ನಾನೇ ಬಂದು ಬಾಗಿಲು ತೆಗೆಯುತ್ತೇನೆ.

ವಿದ್ಯಾರ್ಥಿಗಳೇ, ನಾಳೆ ಶಾಲೆಯಲ್ಲಿ ನಿಮಗೂ ಈರುಳ್ಳಿಯ ಪೊರೆ ತೋರಿಸುತ್ತಾರೆ. ಪುಸ್ತಕದ ಚಿತ್ರವನ್ನೂ ಕಲಿಯಿರಿ, ಪರೀಕ್ಷೆಗೆ ಅದು ಬೇಕು. ಆದರೆ ನಿಮ್ಮ ಸ್ವಂತ ಪುಸ್ತಕದಲ್ಲಿ ಕಂಡದ್ದನ್ನೇ ಬರೆಯಿರಿ. ಗುಳ್ಳೆ ಕಂಡರೆ ಗುಳ್ಳೆಯನ್ನೇ ಬರೆಯಿರಿ. ಅದೇನೆಂದು ಮೇಷ್ಟ್ರನ್ನು ಕೇಳಿರಿ. ಮೇಷ್ಟ್ರಿಗೆ ಕೋಪ ಬಂದರೆ, ಮರುದಿನ ಇನ್ನೊಮ್ಮೆ ಕೇಳಿರಿ.