ಗೌಂಡಿ ಕೆಲಸದಿಂದ ಇಂಜಿನಿಯರಿಂಗ್‌ವರೆಗೆ

 

ದೇವದುರ್ಗ, ಮಾನ್ವಿಯಿಂದ ರಾಯಚೂರಿಗೆ ಬಂದು ಗೌಂಡಿ, ಸೆಂಟ್ರಿಂಗ್ ಕೆಲಸ ಮಾಡುವ ನಮ್ಮ ಹುಡುಗರಲ್ಲಿ ಹುನರ್ ಇದೆ, ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ. ಹಾಗಾಗಿ ಎಷ್ಟು ವರ್ಷ ದುಡಿದರೂ ಕೂಲಿಯವರಾಗಿಯೇ ಉಳಿಯುತ್ತಾರೆ.

ಎಸ್ಸೆಸ್ಸೆಲ್ಸಿ ಪಾಸಾದವರು ಮೂರು ವರ್ಷದ ಸಿವಿಲ್ ಡಿಪ್ಲೊಮಾ ಸೇರಬಹುದು. ಡಿಪ್ಲೊಮಾ ಮುಗಿಸಿ ಸೈಟ್ ಸೂಪರ್‌ವೈಸರ್ ಆಗಿರುವವರು ಅಲ್ಲಿಗೇ ನಿಲ್ಲಬೇಡಿ. ಡಿಸಿಇಟಿ ಬರೆದು ಒಳ್ಳೆಯ ರ್‍ಯಾಂಕ್ ಪಡೆದರೆ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಪ್ರವೇಶ ಸಿಗುತ್ತದೆ.

2013ರಿಂದ ಜಾರಿಯಲ್ಲಿರುವ 371ಜೆ ವಿಧಿಯಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪತ್ರ ಬೇಕು. ನನ್ನ ಶಿಷ್ಯನೊಬ್ಬನ ಹೆಸರು ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇತ್ತು. ತಿದ್ದಿಸುವಷ್ಟರಲ್ಲಿ ಸೀಟು ಕೈತಪ್ಪಿತು. ಆ ವರ್ಷ ಅವನು ಇಟ್ಟಿಗೆ ಹೊತ್ತ. ಹತ್ತನೇ ತರಗತಿಯ ನಾಮಪಟ್ಟಿಯಲ್ಲಿ ಆ ಹೆಸರು ತಪ್ಪಾಗಿ ಬರೆದವನು ನಾನೇ.

ಆದ್ದರಿಂದ ಇಂದೇ ಮನೆಗೆ ಹೋಗಿ ಅಂಕಪಟ್ಟಿ, ಟಿ.ಸಿ., ಆಧಾರ್ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರನ್ನು ಅಕ್ಷರಕ್ಕಕ್ಷರ ಹೋಲಿಸಿರಿ. ತಪ್ಪಿದ್ದರೆ ನಿಮ್ಮ ಶಿಕ್ಷಕರ ಬಳಿ ಬನ್ನಿರಿ. ಅರ್ಹತಾ ಪತ್ರ ಕೈಗೆ ಬಂದ ಮೇಲೆಯೇ ಇರುವ ಕೆಲಸ ಬಿಡುವ ವಿಚಾರ ಮಾಡಿರಿ. ಇನ್ಶಾ ಅಲ್ಲಾಹ್, ದಾರಿ ತೆರೆಯುತ್ತದೆ.