ಬಾಂಡ್ ಪೇಪರ್ ಬರೆಸಿಕೊಂಡರೆ ಸೈಟು ನಮ್ಮದಾಯಿತೇ?

(ಮಹಿಳಾ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ)



ಉಳಿತಾಯ, ಸಾಲ, ಮರುಪಾವತಿಯ ಲೆಕ್ಕದಲ್ಲಿ ನಾವು ಈಗ ಯಾರಿಗೂ ಕಡಿಮೆಯಿಲ್ಲ. ಆದರೆ ಮನೆ, ಸೈಟು ಕೊಳ್ಳುವ ಮಾತು ಬಂದಾಗ "ಅದೆಲ್ಲ ಗಂಡಸರ ವ್ಯವಹಾರ" ಅಂತ ಹಿಂದೆ ಸರಿಯುತ್ತೇವೆ. ಕಂತು ಕಟ್ಟುವುದು ಮಾತ್ರ ನಾವೇ!

ಸಂಘದಲ್ಲಿ ಸಾಲ ಪಡೆದು ಸೈಟು ಕೊಂಡವರನ್ನು ಕಾಗದ ತೋರಿಸಿ ಅಂದರೆ ಎಷ್ಟೋ ಸಲ ಒಂದು ಬಾಂಡ್ ಪೇಪರ್ ತರುತ್ತಾರೆ. "ನೋಟರಿ ಸೀಲಿದೆ, ನಾಲ್ಕು ಹಿರಿಯರ ಸಹಿಯಿದೆ, ಇನ್ನೇನು ಬೇಕು?" ಅನ್ನುತ್ತಾರೆ. ಬೇಕು. 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಮನೆ, ನಿವೇಶನದ ಮಾರಾಟಕ್ಕೆ ಕ್ರಯಪತ್ರವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಇದು 1882 ಮತ್ತು 1908ರ ಕಾಯ್ದೆಗಳಿಂದಲೇ ಬಂದ ನಿಯಮ. ಜಿ.ಪಿ.ಎ. ಬರೆಸಿಕೊಂಡ ಮಾತ್ರಕ್ಕೂ ಆಸ್ತಿ ನಮ್ಮದಾಗುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಂದಾಯದ ರಸೀದಿ, ಖಾತೆ ಇವೂ ಅಷ್ಟೆ. ತೆರಿಗೆ ಯಾರ ಹೆಸರಲ್ಲಿದೆ ಎಂದು ತೋರಿಸುತ್ತವೆ, ಕ್ರಯಪತ್ರದ ಬದಲಿಗೆ ಬರುವುದಿಲ್ಲ.

ರಿಜಿಸ್ಟರ್ ಖರ್ಚು ಜಾಸ್ತಿ, ನಿಜ. ನೋಂದಣಿ ಶುಲ್ಕವೇ 2025ರ ಆಗಸ್ಟ್ 31ರಿಂದ ಶೇಕಡ 1 ಇದ್ದದ್ದು 2 ಆಗಿದೆ, ಮುದ್ರಾಂಕ ಶುಲ್ಕ ಬೇರೆ. ಆದ್ದರಿಂದ ಆ ಖರ್ಚನ್ನೂ ಸೇರಿಸಿಯೇ ಸಾಲ ಕೇಳಿ.

ಇನ್ನು ಮಾರುವವರ ಮನೆಯ ಹೆಣ್ಣುಮಕ್ಕಳ ವಿಷಯ. ಅಣ್ಣತಮ್ಮಂದಿರು ಸಹಿ ಹಾಕಿ, "ಅಕ್ಕತಂಗಿಯರು ಮದುವೆಯಾಗಿ ಹೋದರಲ್ಲ, ಅವರದ್ದೇನು" ಅನ್ನುತ್ತಾರೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲಿ ಕಾಯ್ದೆ ತಿದ್ದುಪಡಿಯಾಗಿದೆ. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ವಿಭಾಗವಾಗಿದ್ದರೆ ಬೇರೆ ಮಾತು. ಕ್ರೈಸ್ತ ಕುಟುಂಬದಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡರೆ ತಾಯಿಗೆ ಮೂರನೇ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮ. ಮುಸ್ಲಿಂ ಕುಟುಂಬದಲ್ಲೂ ಮಗಳಿಗೆ ಪಾಲುಂಟು. ಇವರ ಸಹಿ ಇಲ್ಲದೆ ಕೊಂಡರೆ ನಾಳೆ ಪಾಲಿನ ದಾವೆ ನಮ್ಮ ಬಾಗಿಲಿಗೇ ಬರುತ್ತದೆ.

ಆ ಅಕ್ಕತಂಗಿಯರು ನಾವೂ ಆಗಿದ್ದೇವೆ, ಮರೆಯಬೇಡಿ. ಅರಿಶಿನ ಕುಂಕುಮಕ್ಕೆ ಅಂತ ಕೈಗೆ ಸ್ವಲ್ಪ ಇಟ್ಟು "ಇಲ್ಲೊಂದು ಸಹಿ ಹಾಕು" ಅಂದರೆ ಅದು ಹಕ್ಕು ಬಿಡುಗಡೆ ಪತ್ರ ಇರಬಹುದು. ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ಋಣಭಾರ ಪತ್ರ, ಅಂದರೆ ಇ.ಸಿ., ಕನಿಷ್ಠ 30 ವರ್ಷದ್ದು ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಆನ್‌ಲೈನ್‌ನಲ್ಲೇ ಸಿಗುತ್ತದೆ, ಹಳೆಯದಕ್ಕೆ ಕಚೇರಿಗೆ ಹೋಗಬೇಕು. ಆದರೆ ರಿಜಿಸ್ಟರ್ ಆಗದ ಭೋಗ್ಯ, ಬಾಯಿಮಾತಿನ ಕರಾರು ಇ.ಸಿ.ಯಲ್ಲಿ ಕಾಣುವುದಿಲ್ಲ. ಮನೆಗೆ ಹೋಗಿ ಅಲ್ಲಿರುವವರನ್ನೇ ವಿಚಾರಿಸಿ. ಮೂಲಪತ್ರ ಕೇಳಿದಾಗ ಬರೀ ಜೆರಾಕ್ಸ್ ತೋರಿಸಿದರೆ ಮೂಲಪತ್ರ ಸಾಲಕ್ಕಾಗಿ ಬ್ಯಾಂಕಿನಲ್ಲಿ ಇದೆಯೋ ಏನೋ, ಕೇಳಿ ತಿಳಿಯಿರಿ.

ಅಡ್ವಾನ್ಸ್ ಕೊಡುವ ಮೊದಲೇ ಕಾಗದಗಳ ನಕಲು ಹಿಡಿದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕೋರ್ಟ್ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಉಚಿತ. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದಿಂದ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.