ಹೊರಗೆ ಕನ್ನಡ ಬೋರ್ಡು, ಒಳಗೆ ಬರೀ ಪ್ರಶ್ನಾರ್ಥಕ ಚಿಹ್ನೆ!

(ಬೀದರ್, ಭಾಲ್ಕಿ, ಔರಾದ್ ಕಡೆಯ ಕನ್ನಡ ಯುವಕ ಯುವತಿಯರ ಮುಂದೆ ಬೀದರಿನಲ್ಲಿ ಆಡಿದ ಮಾತುಗಳ ಬರಹರೂಪ)



ಇಂಥ ವೇದಿಕೆ ಹತ್ತಿದವರು ಕನ್ನಡಾಂಬೆಗೆ ಕೈಮುಗಿದು ಮಾತು ಶುರು ಮಾಡುವುದು ವಾಡಿಕೆ. ನಾನು ಒಂದು ಬೋರ್ಡಿಗೆ ಕೈಮುಗಿದು ಶುರು ಮಾಡುತ್ತೇನೆ. ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಯ ಶಾಲೆಗಳಲ್ಲಿ ಉರ್ದುವಿನದೇ ದರ್ಬಾರು. ಕನ್ನಡ ಕಲಿಸುತ್ತೇನೆ ಅಂದವರ ಮೇಲೆ ಅಧಿಕಾರದ ಕಣ್ಣು. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಏನು ಮಾಡಿದರು? ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1889ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬದುಕಿದ ಆ ಹಿರಿಯರ ಈ ಕಥೆಯನ್ನು ನಿಮ್ಮ ಅಜ್ಜಂದಿರು ನಿಮಗೆ ಹೇಳಿಯೇ ಇರುತ್ತಾರೆ. ಕಮಲನಗರ ಇತ್ತೀಚಿನವರೆಗೂ ಔರಾದ್ ತಾಲ್ಲೂಕಿನಲ್ಲೇ ಇತ್ತಲ್ಲ!

1956ರಲ್ಲಿ ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ನಮ್ಮ ಜೊತೆ ಬಂತು. ಈಗ ಕನ್ನಡ ಬೋರ್ಡಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಬೋರ್ಡಿನ ಒಳಗೆ ಹೋಗಿ ನೋಡಿದ್ದೀರಾ? ನಮ್ಮವರೇ ಕಟ್ಟಿದ ಎಷ್ಟೋ ಜಾಲತಾಣಗಳ ನೆತ್ತಿಯ ಮೇಲೆ ಭುವನೇಶ್ವರಿಯ ಚಿತ್ರ, ಹಳದಿ ಕೆಂಪು ಪಟ್ಟಿ, ಗೇಣುದ್ದದ ಕನ್ನಡ ಅಕ್ಷರ. ಕೆಳಗೆ ಅರ್ಜಿ ತುಂಬಲು ಹೋದರೆ, ಕನ್ನಡದಲ್ಲಿ ಬರೆದ ಹೆಸರನ್ನು 'ಇನ್‌ವ್ಯಾಲಿಡ್ ನೇಮ್' ಎಂದು ತಿರಸ್ಕರಿಸುತ್ತದೆ. ಅಥವಾ ಸ್ವೀಕರಿಸಿದಂತೆ ನಟಿಸಿ ಒಳಗೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಜೋಡಿಸಿಡುತ್ತದೆ. ಪಟ್ಟದ್ದೇವರು ಮಾಡಿದ್ದನ್ನು ನಾವು ತಲೆಕೆಳಗು ಮಾಡಿದ್ದೇವೆ. ಇದು ಯಾರ ಹುನ್ನಾರವೂ ಅಲ್ಲ, ನಮ್ಮದೇ ಉದಾಸೀನ. ಹುನ್ನಾರವಾಗಿದ್ದರೆ ಒಂದು ಧರಣಿಯನ್ನಾದರೂ ಮಾಡಬಹುದಿತ್ತು!

ಗಡಿ ಹಳ್ಳಿಗಳ ಕನ್ನಡ ಶಾಲೆಗಳ ಅಹವಾಲುಗಳನ್ನು ದಾಖಲಿಸುವ ಒಂದು ವೆಬ್ ಅಪ್ಲಿಕೇಶನ್ ಕಟ್ಟುವ ಆಸೆ ನಿಮ್ಮದು. ಎಲ್ಲಿ ಮೇಷ್ಟ್ರಿಲ್ಲ, ಎಲ್ಲಿ ಚಾವಣಿ ಸೋರುತ್ತದೆ, ಎಲ್ಲಿ ಪುಸ್ತಕ ಬಂದಿಲ್ಲ, ಎಲ್ಲವೂ ಅದರಲ್ಲಿ ಸೇರಬೇಕು. ಒಳ್ಳೆಯ ಕೆಲಸ. ಪ್ರೋಗ್ರಾಂ ಬರೆಯುವುದು ನಿಮಗೆ ಬರುತ್ತದೆ. ಅದನ್ನು ಲಿನಕ್ಸ್ ಸರ್ವರಿನ ಮೇಲೆ ನಿಲ್ಲಿಸಿ ಭದ್ರ ಮಾಡುವ ಕೆಲಸವೇ ಇವತ್ತಿನ ಮಾತು.

ಮೊದಲು ಆ ಪ್ರಶ್ನಾರ್ಥಕ ಚಿಹ್ನೆಗಳ ಗುಟ್ಟು ಹೇಳುತ್ತೇನೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಹುಟ್ಟಿದ್ದು ಸ್ವೀಡನ್ನಿನ ಕಂಪನಿಯಲ್ಲಿ. ಬಹಳ ಕಾಲ ಅದರ ಹುಟ್ಟುಗುಣದ ಲಿಪಿ ಲ್ಯಾಟಿನ್, ಅಕಾರಾದಿ ಸ್ವೀಡಿಷ್! ನೀವು ಬೇರೆ ಹೇಳದಿದ್ದರೆ ಔರಾದಿನ ಹಳ್ಳಿಯ ಹೆಸರುಗಳನ್ನೂ ಅದು ಸ್ವೀಡನ್ನಿನ ಪೆಟ್ಟಿಗೆಗೇ ತುರುಕುತ್ತಿತ್ತು. ತುರುಕಲಾಗದ ಅಕ್ಷರಕ್ಕೊಂದು ಪ್ರಶ್ನಾರ್ಥಕ ಚಿಹ್ನೆ. ಹಾಗೆ ಹೋದ ಅಕ್ಷರವನ್ನು ಬ್ರಹ್ಮ ಬಂದರೂ ವಾಪಸು ತರಲಾರ. 2018ರ 8.0 ಆವೃತ್ತಿಯಿಂದ 'ಯುಟಿಎಫ್8ಎಂಬಿ4' ಅದರ ಹುಟ್ಟುಗುಣವಾಯಿತು. ಆದರೆ ಹಳೆಯ ಸರ್ವರಿನಿಂದ ಎತ್ತಿಕೊಂಡು ಬಂದ ಕೋಷ್ಟಕಗಳು ತಮ್ಮ ಹಳೆಯ ಜಾತಕವನ್ನೂ ಹೊತ್ತು ತರುತ್ತವೆ. ಡೇಟಾಬೇಸ್, ಕೋಷ್ಟಕ, ಅಂಕಣ, ಅಪ್ಲಿಕೇಶನ್ ಮತ್ತು ಡೇಟಾಬೇಸಿನ ನಡುವಿನ ಸಂಪರ್ಕ, ಈ ನಾಲ್ಕೂ ಕಡೆ ಯುಟಿಎಫ್8ಎಂಬಿ4 ಇದೆಯೇ ಎಂದು ಕಣ್ಣಾರೆ ನೋಡಿ. ಹೆಚ್ಚಿನವರು ಮರೆಯುವುದು ಕೊನೆಯದನ್ನು.

'ಬೀದರ್' ಎಂದು ಬರೆದರೆ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 15. 'ಭಾಲ್ಕಿ'ಗೆ 18. ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು 20 ಬೈಟ್ ಸಾಕು ಎಂದು ಬಟ್ಟೆ ಕತ್ತರಿಸಿದರೆ ನಮ್ಮ ಶಾಲೆಯ ಹೆಸರು ನಡುವಿಗೇ ತುಂಡಾಗುತ್ತದೆ. ಇನ್ನು ಹೆಸರು ಪರೀಕ್ಷಿಸುವ ನಿಯಮ. 'ಎ'ಯಿಂದ 'ಝಡ್'ವರೆಗೆ ಮಾತ್ರ ಎಂದು ಬರೆಯುವವರನ್ನು ಬಿಡಿ, ಅವರಿಗೆ ಹೇಳಿ ಪ್ರಯೋಜನವಿಲ್ಲ. ಪೈಥಾನಿನಲ್ಲಿ 'ಅಕ್ಷರವೆಂದರೆ ಯಾವುದೇ ಲಿಪಿಯ ಅಕ್ಷರ' ಎನ್ನುವ ಚಿಹ್ನೆ ಬಳಸಿದವನೂ ಇಲ್ಲಿ ಎಡವುತ್ತಾನೆ. ಅದು 'ಬ'ವನ್ನು ಒಪ್ಪುತ್ತದೆ, ಅದರ ದೀರ್ಘವನ್ನು ಒಪ್ಪುವುದಿಲ್ಲ. 'ರ'ವನ್ನು ಒಪ್ಪುತ್ತದೆ, ಹಲಂತವನ್ನು ಒಪ್ಪುವುದಿಲ್ಲ. ಗುಣಿತವಿಲ್ಲದ ಕನ್ನಡ ಬರೆಯಲು ನಾವೇನು ಒಂದನೇ ಕ್ಲಾಸಿನ ಮೊದಲ ವಾರದಲ್ಲಿದ್ದೇವೆಯೆ? ಆದ್ದರಿಂದ ಸಂಯೋಜಕ ಚಿಹ್ನೆಗಳನ್ನೂ ನಿಯಮದಲ್ಲಿ ಸೇರಿಸಿ. 'ಕೊ' ಎಂಬುದನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು, ಕಣ್ಣಿಗೆ ಒಂದೇ. ಹಾಗಾಗಿ ಒಳಗೆ ಬರುವ ಪಠ್ಯವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ ತಂದು ಉಳಿಸಿ. ಇಲ್ಲದಿದ್ದರೆ ಹುಡುಕಿದಾಗ ಇರುವ ಶಾಲೆಯೂ ಸಿಗುವುದಿಲ್ಲ.

ಇನ್ನೊಂದು ಮಾತು. ಅಹವಾಲು ಕೊಟ್ಟವರಿಗೆ ಪಿಡಿಎಫ್ ರಸೀದಿ ಕೊಡುತ್ತೀರಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬಂದ ರಸೀದಿ ಸರ್ವರಿನಲ್ಲಿ ಖಾಲಿ ಚೌಕಗಳಾಗಿ ಬರುತ್ತದೆ. ಕಾರಣ ಸರಳ. ಬಾಡಿಗೆಗೆ ಸಿಗುವ ಲಿನಕ್ಸ್ ಸರ್ವರಿನಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟೇ ಇರುವುದಿಲ್ಲ. ಡೆಬಿಯನ್, ಉಬುಂಟುಗಳ ಭಂಡಾರದಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬ ಸ್ವತಂತ್ರ ಫಾಂಟುಗಳಿವೆ, ಹಾಕಿಕೊಳ್ಳಿ. ಜೊತೆಗೆ, ಒತ್ತಕ್ಷರ ಕೂಡಿಸಲು ಬರುವ ಪಿಡಿಎಫ್ ಸಾಧನವನ್ನೇ ಆರಿಸಿ. ಕೆಲವು ಹಳೆಯ ಸಾಧನಗಳು ಫಾಂಟ್ ಕೊಟ್ಟರೂ 'ಭಾಲ್ಕಿ'ಯನ್ನು 'ಭಾಲ್‌ಕಿ' ಎಂದು ಒಡೆದು ಹಾಕುತ್ತವೆ.

ಅಕ್ಷರ ಉಳಿಯಿತು. ಈಗ ಅಕ್ಷರ ಕೊಟ್ಟವರು ಉಳಿಯಬೇಕಲ್ಲ? ಒಬ್ಬ ಶಿಕ್ಷಕಿ ತನ್ನ ಶಾಲೆಯ ಅವ್ಯವಸ್ಥೆ ಬರೆದು ತನ್ನ ಹೆಸರು, ಫೋನ್ ನಂಬರು ಹಾಕಿ ಕಳಿಸುತ್ತಾಳೆ ಅನ್ನಿ. ಅದೂ ಯಾವುದೋ ಅಂಗಡಿಯ ಪುಕ್ಕಟೆ ವೈಫೈಯಲ್ಲಿ. ಬರೀ ಎಚ್‌ಟಿಟಿಪಿಯಲ್ಲಿ ಅದು ಪೋಸ್ಟ್ ಕಾರ್ಡ್ ಇದ್ದ ಹಾಗೆ, ದಾರಿಯಲ್ಲಿ ಸಿಕ್ಕವನೆಲ್ಲ ಓದಬಹುದು. ಓದುವುದಷ್ಟೇ ಅಲ್ಲ, ತಿದ್ದಲೂಬಹುದು. ನಾಳೆ ಆ ಹೆಣ್ಣುಮಗಳಿಗೆ ವರ್ಗಾವಣೆಯ ಬೆದರಿಕೆ ಬಂದರೆ ಹೊಣೆ ಯಾರು? ತಾಣ ಕಟ್ಟಿದ ನಾವು! 2018ರಿಂದ ಕ್ರೋಮ್ ಬ್ರೌಸರ್ ಇಂಥ ತಾಣಗಳ ವಿಳಾಸದ ಪಕ್ಕ 'ಸುರಕ್ಷಿತವಲ್ಲ' ಎಂದು ಬರೆಯುತ್ತಿದೆ. ಅದೇ ವಿಳಾಸದ ಕೆಳಗೆ 'ನಿಮ್ಮ ದೂರು ಗೌಪ್ಯ' ಎಂದು ಕನ್ನಡದಲ್ಲಿ ಬರೆದರೆ ನಗದೆ ಇನ್ನೇನು ಮಾಡುತ್ತಾರೆ?

ಬೀದರಿನವರಿಗೆ ಸುರಕ್ಷಿತ ಸಂಪರ್ಕ ಅಂದರೇನೆಂದು ಹೇಳುವುದು ಸುಲಭ. ನೌಬಾದಿನ ಕರೇಜ್ ನೋಡಿದ್ದೀರಿ. ಬಹಮನಿ ಕಾಲದಲ್ಲಿ ನೆಲದಡಿ ಕೊರೆದ ನೀರಿನ ಸುರಂಗ, ಅಲ್ಲಲ್ಲಿ ಮೇಲಕ್ಕೆ ಬಾಯಿ. ತೆರೆದ ಕಾಲುವೆಗೆ ಯಾರು ಬೇಕಾದರೂ ಕೈ ಹಾಕಬಹುದು, ಸುರಂಗದೊಳಗಿನ ನೀರಿಗೆ ಆಗದು. ಎಚ್‌ಟಿಟಿಪಿಎಸ್ ಅಂಥ ಸುರಂಗ. ಆದರೆ ಸುರಂಗದ ಆ ತುದಿಯಲ್ಲಿರುವವನು ನಿಜವಾಗಿ ನಮ್ಮವನೋ ವೇಷಧಾರಿಯೋ ಎಂದು ನೀರು ಹೇಳುವುದಿಲ್ಲ. ಅದನ್ನು ಹೇಳುವುದು ಸರ್ಟಿಫಿಕೇಟು.

ಈ ಸರ್ಟಿಫಿಕೇಟನ್ನು ಹಿಂದೆ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. 2015ರ ಡಿಸೆಂಬರಿನಲ್ಲಿ 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಲಾಭದಾಸೆಯಿಲ್ಲದ ಸಂಸ್ಥೆ ಎಲ್ಲರಿಗೂ ಬಿಟ್ಟಿಯಾಗಿ ಕೊಡತೊಡಗಿತು. 'ಸರ್ಟ್‌ಬಾಟ್' ಎಂಬ ಸಾಧನ ಹಾಕಿಕೊಂಡರೆ ಐದು ನಿಮಿಷದ ಕೆಲಸ. ಅದರ ಆಯುಸ್ಸು ಮಾತ್ರ 90 ದಿನ. ಇಲ್ಲೇ ನಮ್ಮ ಹುಡುಗರು ಮುಗ್ಗರಿಸುವುದು. ರಾಜ್ಯೋತ್ಸವಕ್ಕೆ ತಾಣ ಉದ್ಘಾಟನೆ, ಹಾರ ತುರಾಯಿ, ಫೋಟೋ. ಜನವರಿ ಕೊನೆಗೆ ತಾಣ ತೆರೆದರೆ ಕೆಂಪು ಎಚ್ಚರಿಕೆ! ಮುಗಿಯುವ ಮುನ್ನ ಮೊದಲೆಲ್ಲ ಅವರೇ ಮಿಂಚಂಚೆ ಕಳಿಸಿ ಎಬ್ಬಿಸುತ್ತಿದ್ದರು. 2025ರ ಜೂನಿನಲ್ಲಿ ಆ ಪದ್ಧತಿಯನ್ನೂ ನಿಲ್ಲಿಸಿದರು. ಯಾವುದೇ ಸಂಸ್ಥೆಯ ಸರ್ಟಿಫಿಕೇಟಿನ ಆಯುಸ್ಸನ್ನು 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸಬೇಕೆಂದು ಸರ್ಟಿಫಿಕೇಟು ಕೊಡುವವರು, ಬ್ರೌಸರ್ ಕಂಪನಿಗಳು ಸೇರಿ 2025ರಲ್ಲಿ ತೀರ್ಮಾನಿಸಿದ್ದಾರೆ. ಕೈಯಲ್ಲಿ ನವೀಕರಿಸುತ್ತೇನೆ ಎನ್ನುವವನ ಕಾಲ ಮುಗಿಯಿತು. ಸರ್ಟ್‌ಬಾಟ್ ತಾನೇ ನವೀಕರಿಸುವಂತೆ ಟೈಮರ್ ಓಡುತ್ತಿದೆಯೇ ನೋಡಿ, 'ಡ್ರೈ ರನ್' ಮಾಡಿ ಪರೀಕ್ಷಿಸಿ. ಅತಿ ಬುದ್ಧಿವಂತರು ಭದ್ರತೆಯೆಂದು 80ನೇ ಪೋರ್ಟ್ ಮುಚ್ಚಿಬಿಡುತ್ತಾರೆ. ಸಾಮಾನ್ಯ ವಿಧಾನದಲ್ಲಿ ಪರಿಶೀಲನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಬರುವುದೇ ಆ ಬಾಗಿಲಿಗೆ. ಅದನ್ನು ತೆರೆದಿಟ್ಟು, ಬಂದ ಜನರನ್ನು 443ಕ್ಕೆ ಕಳಿಸಿ.

ನಿಮ್ಮಲ್ಲೊಬ್ಬರು ಆಗಲೇ ಕೇಳಿದಿರಿ, ಸರ್ಟಿಫಿಕೇಟಿಗೂ ಹೊರದೇಶದವರ ಮುಂದೆ ಕೈಯೊಡ್ಡಬೇಕೇ ಅಂತ. ಸ್ವಾಭಿಮಾನದ ಪ್ರಶ್ನೆ, ಆದರೆ 2014ರ ಜುಲೈ ನೆನಪಿರಲಿ. ಭಾರತ ಸರ್ಕಾರದ ಎನ್‌ಐಸಿಯ ಕೈಕೆಳಗಿನ ಪ್ರಮಾಣಾಧಿಕಾರದಿಂದ ಗೂಗಲ್ಲಿನ ಹೆಸರಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದದ್ದು ಆಗ ಪತ್ತೆಯಾಯಿತು. ಅಲ್ಲಿಗೆ ನಮ್ಮ ಮುದ್ರೆಯ ಮೇಲಿನ ನಂಬಿಕೆ ಕುಸಿಯಿತು. ಈ ವ್ಯವಹಾರದಲ್ಲಿ ದೇಶ ಯಾವುದು ಎನ್ನುವುದಕ್ಕಿಂತ ಖಾಸಗಿ ಕೀಲಿಯನ್ನು ಎಷ್ಟು ಜೋಪಾನ ಮಾಡಿದ್ದೀರಿ ಎನ್ನುವುದು ದೊಡ್ಡದು. ಆ ಕೀಲಿ ನಿಮ್ಮ ಸರ್ವರಿನಲ್ಲೇ ಹುಟ್ಟುತ್ತದೆ, ಅಲ್ಲೇ ಇರಬೇಕು. ವಾಟ್ಸಾಪಿನಲ್ಲಿ ಗೆಳೆಯನಿಗೆ ಕಳಿಸಿದಿರೋ, ಗಿಟ್‌ಹಬ್ಬಿಗೆ ಏರಿಸಿದಿರೋ, ಅಲ್ಲಿಗೆ ಮುಗಿಯಿತು. ಡೇಟಾಬೇಸಿನ ಪಾಸ್‌ವರ್ಡಿಗೂ ಇದೇ ಮಾತು.

ಸುರಂಗ ಎಷ್ಟೇ ಗಟ್ಟಿಯಿದ್ದರೂ ಬಾಯಿ ತೆರೆದಿದ್ದರೆ ಕಸ ಬೀಳುತ್ತದೆ. ಹೊರಗಿನವರಿಗೆ ಕಾಣಬೇಕಾದ್ದು ಎನ್‌ಜಿನೆಕ್ಸ್ ಒಂದೇ. ನಿಮ್ಮ ಅಪ್ಲಿಕೇಶನ್ ಅದರ ಬೆನ್ನ ಹಿಂದೆ 127.0.0.1 ಎಂಬ ಮನೆಯೊಳಗಿನ ವಿಳಾಸದಲ್ಲಿ ಮಾತ್ರ ಕಿವಿಗೊಡಲಿ. ಡೇಟಾಬೇಸ್ ಅಂತೂ ಬೀದಿಗೆ ಮುಖ ತೋರಿಸಲೇಬಾರದು. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬೇಡ, ಕೀಲಿಜೋಡಿ ಬಳಸಿ, ರೂಟ್ ಹೆಸರಿನ ನೇರ ಪ್ರವೇಶ ನಿಲ್ಲಿಸಿ. ಫೈರ್‌ವಾಲಿನಲ್ಲಿ 22, 80, 443 ಸಾಕು. ಆದರೆ 22ಕ್ಕೆ ಮೊದಲು ಅನುಮತಿ ಕೊಟ್ಟು ಆಮೇಲೆ ಫೈರ್‌ವಾಲ್ ಚಾಲೂ ಮಾಡಿ. ಉಲ್ಟಾ ಮಾಡಿದವರು ತಮ್ಮ ಮನೆಗೆ ತಾವೇ ಬೀಗ ಜಡಿದು ಬೀದಿಯಲ್ಲಿ ನಿಲ್ಲುತ್ತಾರೆ. ಸಿಸ್ಟಮ್‌ಡಿಯಲ್ಲಿ ಅಪ್ಲಿಕೇಶನ್ನನ್ನು ಸೇವೆಯಾಗಿ ನೋಂದಾಯಿಸಿದರೆ ಸರ್ವರ್ ಮಲಗಿ ಎದ್ದಾಗ ಅದೂ ತಾನೇ ಏಳುತ್ತದೆ. ಅಂದ ಹಾಗೆ, ಬಾಡಿಗೆ ಸರ್ವರುಗಳು ಬೀದರಿಗೆ ಹತ್ತಿರದಲ್ಲಿ ಸಿಗುವುದು ಹೈದರಾಬಾದಿನಲ್ಲಿ. 1956ರಲ್ಲಿ ಬಿಟ್ಟು ಬಂದ ಊರಿಗೆ ನಮ್ಮ ಅಹವಾಲು ಮತ್ತೆ ಹೋಗುತ್ತದೆ! ಹೋಗಲಿ ಬಿಡಿ, ಕೀಲಿ ನಮ್ಮ ಹತ್ತಿರ ಇದ್ದರಾಯಿತು.

ತಾಣದ ವಿಳಾಸವೂ ಕನ್ನಡದಲ್ಲೇ ಇರಲಿ ಎನ್ನುವಿರಿ. ಇರಬಹುದು, ಕನ್ನಡ ಲಿಪಿಯ '.ಭಾರತ' ಇದೆ. ಲೆಟ್ಸ್ ಎನ್‌ಕ್ರಿಪ್ಟ್ 2016ರ ಅಕ್ಟೋಬರಿನಿಂದ ಇಂಥ ಹೆಸರುಗಳಿಗೂ ಸರ್ಟಿಫಿಕೇಟು ಕೊಡುತ್ತಿದೆ. ಆದರೆ ಸರ್ಟ್‌ಬಾಟಿಗೆ ಕನ್ನಡದಲ್ಲಿ ಹೆಸರು ಕೊಟ್ಟರೆ ಒಪ್ಪುವುದಿಲ್ಲ. 'ಎಕ್ಸ್‌ಎನ್' ಎಂದು ಶುರುವಾಗುವ ಪ್ಯೂನಿಕೋಡ್ ರೂಪವನ್ನೇ ಕೊಡಬೇಕು, ಎನ್‌ಜಿನೆಕ್ಸಿನಲ್ಲೂ ಅದನ್ನೇ ಬರೆಯಬೇಕು. ಇಲ್ಲಿ ಹೊರಗೆ ಕನ್ನಡ, ಒಳಗೆ ರೋಮನ್ ವೇಷ. ಸದ್ಯಕ್ಕೆ ಈ ವೇಷ ಅನಿವಾರ್ಯ. ಇದಕ್ಕಾಗಿ ಯಾರ ಪ್ರತಿಕೃತಿಯನ್ನೂ ಸುಡಬೇಕಿಲ್ಲ.

ಪ್ರತಿ ತೆಗೆದಿಡುವ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಒಂದು ಭಾಗ ಮದ್ದು ಸಿಡಿದು ಉದುರಿಹೋದದ್ದನ್ನು ಹೋಗುತ್ತ ಬರುತ್ತ ನೋಡುತ್ತೀರಿ. ಡೇಟಾಬೇಸಿನ ಪ್ರತಿ ದಿನಕ್ಕೊಂದು, ಬೇರೆ ಸರ್ವರಿನಲ್ಲಿ, ಗೂಢಲಿಪಿಯಲ್ಲಿ ಇರಬೇಕು. ಅದನ್ನು ವಾಪಸು ಏರಿಸಿ ಕನ್ನಡ ಸರಿಯಾಗಿ ಬಂತೇ ಎಂದು ತಿಂಗಳಿಗೊಮ್ಮೆ ನೋಡಬೇಕು.

ಔರಾದಿನ ಗೆಳೆಯರು ಶಾಲೆಗಳ ಪಟ್ಟಿಯ ಹಳೆಯ ಕಡತ ತಂದಿದ್ದಾರೆ. ಅದು ಯೂನಿಕೋಡ್ ಅಲ್ಲ, ಹಿಂದಿನ ನುಡಿ ಫಾಂಟಿನದು. ಆ ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದನ್ನು ಹಾಗೇ ಸರ್ವರಿಗೆ ಏರಿಸಬೇಡಿ. ಊಟವಾದ ಮೇಲೆ ನಾಲ್ಕು ಜನ ಕುಳಿತು ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸೋಣ. ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಬೇಕು, ಅಲ್ಲೇ ಕೆಡುವುದು ಹೆಚ್ಚು. ಭಾಲ್ಕಿಯವರು ಎನ್‌ಜಿನೆಕ್ಸ್, ಸರ್ಟ್‌ಬಾಟ್ ನೋಡಿಕೊಳ್ಳಲಿ. ನವೀಕರಣದ ಡ್ರೈ ರನ್ ಮಾಡಿ ಬಂದ ಉತ್ತರವನ್ನು ನನಗೆ ತೋರಿಸಿ, ಆಮೇಲೆ ಉದ್ಘಾಟನೆಯ ದಿನ ಗೊತ್ತುಮಾಡೋಣ.